ಆರುನೂರು ಮೀಟರ್ ನೀರಿನ ಕೆಳಗೆ

"ನಿನ್ನ ಪೂಜಿ ಮುಗಿಯೂತನಾ ಹಡಗು ನಿಂದ್ರತದೇನು? ಅದೇನು ವಳಸಂಗದ ಟಾಂಗಾ ಅಂತ ತಿಳದಿಯೇನು?"

"ಒದರಬ್ಯಾಡ ಶಂಕ್ರ್ಯಾ. ಲಿಂಗ ಕೈಯಾಗದ."

"ಒಂಬತ್ತಕ್ಕ ಹತ್ತು ಮಿನಿಟು ಅದ. ಕೆಳಗ ಸಾಹೇಬ ಮಳ್ಯಾಗ ನಿಂತಾನ. ಆರ್ಡರ್ ಕೊಡಾಂವ ಅವನು, ನಿನ್ನ ಲಿಂಗ ಅಲ್ಲ!"

ಅಣ್ಣ ಕಣ್ಣು ತೆರೆದು ನನ್ನನ್ನು ಒಮ್ಮೆ ನೋಡಿದ. ಮತ್ತೆ ಮುಚ್ಚಿದ. ನಾನು ಬಾಗಿಲಿಗೆ ಕಾಲಿನಿಂದ ಒದ್ದೆ.

ಇದು ನಡೆದದ್ದು ನಮ್ಮ ಮನೆಯಲ್ಲಲ್ಲ. ನಾರ್ವೆ ದೇಶದ ಬರ್ಗೆನ್ ಎಂಬ ಬಂದರಿನ ಊರಲ್ಲಿ, ಒಂದು ಹೋಟೆಲಿನ ಮೂರನೇ ಮಾಳಿಗೆಯಲ್ಲಿ, ೧೯೭೪ರ ಜೂನ್ ತಿಂಗಳಲ್ಲಿ. ನಾವಿಬ್ಬರು ದುಧನಿಯ ಕನ್ನಡ ಸಾಲೆಯಲ್ಲಿ ಏಳನೇ ಇಯತ್ತೆ ಓದಿದವರು. ಸೊಲ್ಲಾಪುರದಲ್ಲಿ ಇಪ್ಪತ್ತನಾಲ್ಕು ಮಗ್ಗ ಹಾಕಿ ಚಾದರು, ಟವೆಲು ನೇಯಿಸುತ್ತಿದ್ದೆವು. ಬರ್ಗೆನ್ನಿನ ಟೋರ್ಲೀಫ್ ಎಂಬ ವ್ಯಾಪಾರಿ ಹಡಗುಗಳಿಗೂ ಹೋಟೆಲುಗಳಿಗೂ ಟವೆಲು ಪೂರೈಸುತ್ತಿದ್ದ. ನಮ್ಮ ಮಾಲು ನೋಡಿ, ನೇಯುವವರನ್ನೇ ಕಾಣಬೇಕು ಎಂದು ಹೇಳಿ ಕಳಿಸಿದ. ಮುಂಬೈಯ ಏಜಂಟ ಒಬ್ಬ ಇಂಗ್ಲಿಷ್ ಬಲ್ಲವನು, ಕಾಗದಪತ್ರ ಎಲ್ಲ ಮಾಡಿಸಿ ನಮ್ಮ ಜೊತೆ ಬಂದಿದ್ದ.

ನನ್ನ ಅಣ್ಣ ಕಲ್ಯಾಣಪ್ಪನಿಗೆ ಬರುವ ಮನಸ್ಸಿರಲಿಲ್ಲ. ಎಳೆದುಕೊಂಡು ಬಂದವನು ನಾನೇ. ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೂಲು ಎಷ್ಟು ನಂಬರಿನದು ಎಂದು ಹೇಳುವ ಕೈ ಅವನದು. ಟೋರ್ಲೀಫ್ ಮೊದಲ ದಿನ ಐದು ದೇಶದ ಟವೆಲು ಮುಂದೆ ಹಾಕಿದ. ಅಣ್ಣ ಕಣ್ಣು ಮುಚ್ಚಿ ಐದನ್ನೂ ಸರಿಯಾಗಿ ಹೇಳಿದ. ಆ ಬಿಳಿ ಮನುಷ್ಯ ಎದ್ದು ನಿಂತು ಅವನ ಕೈ ಕುಲುಕಿದ. ಅಂದಿನಿಂದ ಅವನಿಗೆ ನಾನು ಬೇಕಾಗಲಿಲ್ಲ, ಅಣ್ಣ ಬೇಕಾದ. "ನಾಳೆ ನನ್ನ ಅತಿಥಿಯಾಗಿ ಫ್ಯೋರ್ಡಿಗೆ ಬನ್ನಿ" ಎಂದ. ಫ್ಯೋರ್ಡು ಅಂದರೆ ಬೆಟ್ಟಗಳ ನಡುವೆ ಒಳಕ್ಕೆ ನುಗ್ಗಿದ ಸಮುದ್ರ ಎಂದು ಏಜಂಟ ತಿಳಿಸಿ ಹೇಳಿದ.

ಅಣ್ಣನ ಪೂಜೆಗೆ ಆ ಊರು ಸರಿಬರಲಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಲಿಂಗಪೂಜೆ ಮಾಡದೆ ಅವನು ಬಾಯಿಗೆ ನೀರು ಹಾಕುವವನಲ್ಲ. ಎಂಟು ವರ್ಷದವನಿದ್ದಾಗ ಅಕ್ಕಲಕೋಟೆಯ ನಮ್ಮ ಮಠದ ಹಿರಿಯ ಸ್ವಾಮಿಗಳು ಕಟ್ಟಿದ ಲಿಂಗ. ಗುಂಡಗಡಗಿ ಎಂಬ ಬೆಳ್ಳಿಯ ಕರಡಿಗೆಯಲ್ಲಿ, ಎದೆಯ ಮೇಲೆ, ನಲವತ್ತಾರು ವರ್ಷ ಇದ್ದದ್ದು. ಮೊದಲ ದಿನ ಸಂಜೆಯಾಗಲಿ ಎಂದು ಕಿಟಕಿಯ ಹತ್ತಿರ ಕೂತ. ಏಳಾಯಿತು, ಒಂಬತ್ತಾಯಿತು, ಹತ್ತೂವರೆಯಾಯಿತು. ಹೊರಗೆ ಇನ್ನೂ ಬೆಳಕು.

"ಸೂರ್ಯ ಮುಳಗೋದs ಇಲ್ಲಲ್ಲೋ ಇಲ್ಲಿ. ಸಂಜಿ ಪೂಜಿ ಯಾವಾಗ ಮಾಡ್ಲಿ?"

"ಈ ಊರಾಗ ದೇವರಿಗೂ ಓವರ್‌ಟೈಮ್ ಅದ ಅಣ್ಣಾ. ಮಾಡಿ ಮುಗಿಸು, ಹಸಿವ್ಯಾಗ್ಯದ."

ಅವನು ನಕ್ಕಿದ್ದ. ನಗದೇ ಇರುವವನಲ್ಲ ನನ್ನ ಅಣ್ಣ. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಇಬ್ಬರೂ ಮಂಚದ ಮೇಲೆ ಕೂತು ಉಂಡಿದ್ದೆವು.

ಆ ಬೆಳಗ್ಗೆ ಮಾತ್ರ ನನ್ನ ತಲೆ ಕೆಟ್ಟಿತ್ತು. ಪೂಜೆ ಮುಗಿಸಿ ಅವನು ಲಿಂಗವನ್ನು ಗುಂಡಗಡಗಿಯಲ್ಲಿ ಇಟ್ಟ. ಆಮೇಲೆ ಚೀಲದಲ್ಲಿ ಏನೋ ಹುಡುಕತೊಡಗಿದ.

"ಮತ್ತೇನು?"

"ಶಿವದಾರ ಸವದದ. ಹೊಸಾದು ಪೋಣಸ್ತೀನಿ, ಐದು ಮಿನಿಟು."

"ಸಂಜಿಗೆ ಪೋಣಸು! ನಡಿ!"

ರಟ್ಟೆ ಹಿಡಿದು ಎಬ್ಬಿಸಿದೆ. ಹಳೆಯ ದಾರವನ್ನೇ ಕೊರಳಿಗೆ ಹಾಕಿಕೊಂಡು, ಅದರ ಮೇಲೆ ಕೋಟು ಹಾಕಿಕೊಂಡು ಅಣ್ಣ ಮೆಟ್ಟಿಲು ಇಳಿದ. ಆ ರಟ್ಟೆ ಹಿಡಿದ ಕೈ ಇದೇ ಕೈ.

ಬಂದರಿನ ದಂಡೆಗೆ ಕಟ್ಟಿಗೆಯ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಕೆಂಪು, ಹಳದಿ, ಬಿಳಿ. ಮಳೆ ಜಿನುಗುತ್ತಲೇ ಇತ್ತು. ಮೀನಿನ ಬಜಾರ ದಾಟುವಾಗ ಅಣ್ಣ ಮಫ್ಲರಿನಿಂದ ಮೂಗು ಮುಚ್ಚಿಕೊಂಡ. ಧೋತರ, ಕರೀ ಟೊಪ್ಪಿಗೆ, ಮೇಲೆ ನನ್ನ ಉಣ್ಣೆ ಕೋಟು. ಜನ ನಿಂತು ನೋಡುತ್ತಿದ್ದರು. ಟೋರ್ಲೀಫ್ ನಮ್ಮ ನಮೂನೆಯ ಟವೆಲನ್ನೇ ಕೊರಳಿಗೆ ಸುತ್ತಿಕೊಂಡು ಬಂದಿದ್ದ. ನಮ್ಮನ್ನು ಕಂಡು ಅದನ್ನು ತಟ್ಟಿ ತೋರಿಸಿ ನಕ್ಕ.

ಬಿಳಿಯ ಬಣ್ಣದ ಹಡಗು, ಎರಡು ಅಂತಸ್ತು, ಮೂವತ್ತು ನಲವತ್ತು ಜನ. ಒಂದು ತಾಸು ಹೋದ ಮೇಲೆ ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಬಂದವು. ದಂಡೆಯೇ ಇಲ್ಲ, ಕಲ್ಲು ಮೇಲಿನಿಂದ ನೆಟ್ಟಗೆ ನೀರಿಗೆ ಇಳಿದಿದೆ. ನೀರು ನೂಲಿಗೆ ನೀಲಿ ಬಣ್ಣ ಹಾಕುವ ನಮ್ಮ ಹೌದಿನ ಹಾಗೆ ಕಪ್ಪಗೆ. ಬೆಟ್ಟದ ನೆತ್ತಿಯಿಂದ ನೀರಿನ ಎಳೆಗಳು ಬೀಳುತ್ತಿದ್ದವು, ಮಗ್ಗಕ್ಕೆ ಹಾಸು ಕಟ್ಟಿದ ಬಿಳಿ ನೂಲಿನಂತೆ. ಅಣ್ಣ ಹಡಗಿನ ಅಂಚಿನ ಕಟಕಟೆ ಹಿಡಿದು ಬಾಯಿ ತೆರೆದು ನಿಂತ. ಅವನ ಮುಖದ ಮೇಲೆ ಅಂಥ ಸಂತೋಷ ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ.

ಒಂದು ಕಡೆ ಕಡಿದಾದ ಬೆಟ್ಟದ ಹೊಟ್ಟೆಗೆ ಒಂದೇ ಮನೆ ಅಂಟಿಕೊಂಡಿತ್ತು. ಸುತ್ತ ನಾಲ್ಕೆಂಟು ಕುರಿ. ದಾರಿ ಇಲ್ಲ.

"ಅಲ್ಲಾ, ಆ ಮನಿಗೆ ಹೆಣ್ಣು ಕೊಟ್ಟಾಂವ ಯಾವನು? ಕೇಳಪಾ ಸಾಹೇಬಗ."

ನಾನು ಏಜಂಟನಿಗೆ ಮರಾಠಿಯಲ್ಲಿ ಹೇಳಿದೆ, ಅವನು ಇಂಗ್ಲಿಷಿನಲ್ಲಿ ಹೇಳಿದ. ಟೋರ್ಲೀಫ್ ಹೊಟ್ಟೆ ಹಿಡಿದು ನಕ್ಕ. ಅವನ ತಾಯಿಯನ್ನು ಅಂಥದೇ ಒಂದು ಮನೆಗೆ ಕೊಟ್ಟಿದ್ದರಂತೆ.

"ಹಂಗಾರ ನಿಮ್ಮ ಅಜ್ಜಗ ಬೈದಾನಂತ ಹೇಳ್ರಿ ಸೊಲ್ಲಾಪುರದ ಕಲ್ಯಾಣಪ್ಪ," ಎಂದ ಅಣ್ಣ.

ನೀರು ಎಷ್ಟು ಆಳ ಎಂದೂ ಕೇಳಿಸಿದ. ಆರುನೂರು ಮೀಟರ್ ಎಂದು ಉತ್ತರ ಬಂತು. ಅಣ್ಣ ನಂಬಲಿಲ್ಲ. ಅಷ್ಟು ಆಳದ ಬಾವಿ ತೋಡಿದವರಿಲ್ಲ ಎಂದ.

ಆಮೇಲೆ ಹಡಗು ಒಂದು ಜಲಪಾತದ ಹತ್ತಿರ ಮೆಲ್ಲಗೆ ಮೂತಿ ಚಾಚಿತು. ಹಡಗಿನವನೊಬ್ಬ ಕೋಲಿಗೆ ಬಕೀಟು ಕಟ್ಟಿ ಬೀಳುವ ನೀರು ಹಿಡಿದು ಎಲ್ಲರಿಗೂ ಗ್ಲಾಸಿನಲ್ಲಿ ಕೊಟ್ಟ. ಎಲ್ಲರೂ ಕುಡಿದರು. ಅಣ್ಣ ಕುಡಿಯಲಿಲ್ಲ. ಬೂಟು ಬಿಚ್ಚಿ ಬದಿಗಿಟ್ಟ. ಕೋಟಿನ ಗುಂಡಿ ತೆಗೆದ.

"ಏನು ಮಾಡಾಕತ್ತಿ?"

"ಯಾರೂ ಮುಟ್ಟದ ನೀರು ಶಂಕ್ರ್ಯಾ. ಇಂಥಾ ನೀರು ಲಿಂಗಕ್ಕ ಎರೀಲಿಲ್ಲಂದ್ರ ಇಲ್ಲೀತನಾ ಬಂದು ಏನು ಉಪಯೋಗ?"

ಅವನು ಹಡಗಿನ ಮೂತಿಗೆ ಹೋಗಿ, ಗುಂಡಗಡಗಿಯನ್ನು ಅಂಗಿಯ ಹೊರಗೆ ತೆಗೆದು, ಬೊಗಸೆ ಚಾಚಿ ಬಾಗಿದ. ಅಷ್ಟರಲ್ಲಿ ಯಂತ್ರ ಗುರ್ರೆಂದು ಹಡಗು ಹಿಂದೆ ಸರಿಯಿತು. ಅಣ್ಣನ ಎದೆ ಕಟಕಟೆಗೆ ಬಡಿಯಿತು. ನೀರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಒಮ್ಮೆ ಬೆಳ್ಳಗೆ ಹೊಳೆಯಿತು, ಅಷ್ಟೆ.

ಅವನ ಎದೆಯ ಮೇಲೆ ದಾರದ ಎರಡು ತುದಿ ಉಳಿದಿದ್ದವು. ಅವನ್ನು ನೋಡಿದ. ಆಮೇಲೆ ಒಂದು ಕಾಲು ಎತ್ತಿ ಕಟಕಟೆಯ ಮೇಲೆ ಇಟ್ಟ.

ನಾನು ಸೊಂಟ ಹಿಡಿದೆ. ಹಡಗಿನ ಇಬ್ಬರು ಓಡಿ ಬಂದರು. ಮೂವರಿಗೂ ಅವನು ಬಗ್ಗಲಿಲ್ಲ.

"ಬಿಡೋ. ಲಿಂಗ ಹೋದ ಮ್ಯಾಲ ಜೀವ ಇಟಗೋಬಾರದು. ನಮ್ಮ ಹಿರ್ಯಾರು ಹೇಳ್ಯಾರ. ಬಿಡು."

ಕೊನೆಗೆ ಎತ್ತಿಕೊಂಡೇ ಹೋಗಿ ಒಳಗೆ ಕೂರಿಸಿ ಕಂಬಳಿ ಹೊದಿಸಿದರು. ಏಜಂಟ ನನ್ನನ್ನು ಹೊರಗೆ ಕರೆದು, ಟೋರ್ಲೀಫ್ ಹೇಳಿದ್ದನ್ನು ಹೇಳಿದ. ತಳದಲ್ಲಿ ಕೆಸರು. ಅಲ್ಲಿಗೆ ಬಿದ್ದದ್ದು ಯಾವ ಕಾಲಕ್ಕೂ ಮೇಲೆ ಬಂದಿಲ್ಲ. ಅವನಿಗೆ ಬಹಳ ದುಃಖವಾಗಿದೆಯಂತೆ.

ನಾನು ಒಳಗೆ ಬಂದೆ. ಅಣ್ಣ ಬಾಗಿಲನ್ನೇ ನೋಡುತ್ತಿದ್ದ. ಬಾಗಿಲಾಚೆ ಕಟಕಟೆ. ಏಜಂಟನಿಗೆ ಕನ್ನಡ ಬರುವುದಿಲ್ಲ, ಟೋರ್ಲೀಫನಿಗಂತೂ ಬರುವುದಿಲ್ಲ.

"ಅಣ್ಣಾ, ಸಾಹೇಬ ಹೇಳ್ಯಾನ. ಇಲ್ಲಿ ಮೀನಿನ ಬಲಿ ಹಾಕಿ ತಳಾ ಬಳಿಯೋ ಮಂದಿ ಅದಾರಂತ. ಬೆಳ್ಳಿ ಹುಡುಕೋ ಮಶೀನೂ ಅದಂತ. ನಾಳೆಯಿಂದ ಹುಡುಕಸ್ತಾನಂತ. ಸಿಕ್ಕ ಕೂಡ್ಲೆ ಟಪಾಲಿಗೆ ಹಾಕತಾನ."

"ಖರೇನಾ?"

"ಖರೇ. ಅವನ್ನs ನೋಡು."

ಅಣ್ಣ ಟೋರ್ಲೀಫನ ಕಡೆ ನೋಡಿದ. ಆ ಮನುಷ್ಯ, ಪಾಪ, ಸಮಾಧಾನ ಹೇಳುವಂತೆ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಅಣ್ಣನಿಗೆ ಅದೇ ವಚನವಾಯಿತು. ಕೈ ಮುಗಿದ.

"ಸಿಗೂತನಾ ರೊಟ್ಟಿ ಅನ್ನ ಮುಟ್ಟಾಂಗಿಲ್ಲ," ಎಂದ. "ಹಾಲು, ಹಣ್ಣಿನ ಮ್ಯಾಲ ಇರ್ತೀನಿ."

ಸೊಲ್ಲಾಪುರಕ್ಕೆ ಬಂದ ವಾರದಲ್ಲೇ ಅಣ್ಣನ ಹೆಂಡತಿ, ನಮ್ಮ ವೈನಿ ನೀಲಗಂಗಾ ಅವನನ್ನು ಅಕ್ಕಲಕೋಟೆಯ ಮಠಕ್ಕೆ ಹೊರಡಿಸಿದಳು. ನಾನೂ ಹೋದೆ. ಈಗಿನ ಸ್ವಾಮಿಗಳು ಸಣ್ಣ ವಯಸ್ಸಿನವರು, ಒಳ್ಳೆಯವರು. ಎಲ್ಲ ಕೇಳಿ ಹೇಳಿದರು: "ಜೀವಾ ಬಿಡೋ ಮಾತು ಬ್ಯಾಡ ಕಲ್ಯಾಣಪ್ಪ. ಹಿಂದಿನ ಮಾತು ಹಿಂದಾತು. ಪ್ರಾಯಶ್ಚಿತ್ತ ಅದ. ನಾಳೆ ಸೋಮವಾರ, ಹೊಸಾ ಲಿಂಗ ಕಟ್ಟತೀನಿ. ಇಲ್ಲೇ ಪ್ರಸಾದ ತಗೊಂಡು ಹೋಗು."

"ಅಪ್ಪಾರ, ಅದು ಕಳದಿದ್ರ ನೀವು ಹೇಳಿದಾಂಗ ಮಾಡ್ತಿದ್ದೆ. ಕಳದಿಲ್ಲರಿ. ಅಲ್ಲಿ ಹುಡುಕಾಕತ್ತಾರ. ಅದು ಬರೋದದ ಅಂದ ಮ್ಯಾಲ ಇನ್ನೊಂದು ಹೆಂಗ ಕಟಗೊಳ್ಳಲಿ? ಒಂದು ಕೊರಳಿಗೆ ಎರಡು ಲಿಂಗ ಉಂಟೇನ್ರಿ?"

ಸ್ವಾಮಿಗಳು ನನ್ನ ಮುಖ ನೋಡಿದರು. "ಹುಡುಕಾಕತ್ತಾರೇನು ಶಂಕರೆಪ್ಪ?"

ಆಗ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅಣ್ಣ ಅತ್ತಿದ್ದನೇನೋ, ನನಗೆ ಎರಡು ಬಾರಿಸಿದ್ದನೇನೋ, ಮರುದಿನ ಹೊಸ ಲಿಂಗ ಕಟ್ಟಿಸಿಕೊಂಡು ಪಂಕ್ತಿಯಲ್ಲಿ ಕೂತು ಉಂಡಿದ್ದ. ನಾನು ನೆಲ ನೋಡಿ "ಹೌದ್ರಿ ಅಪ್ಪಾರ" ಎಂದೆ. ಸಣ್ಣ ಸ್ವಾಮಿಯ ಮುಂದೆ ಸುಳ್ಳುಗಾರ ಆಗುವುದು ನನ್ನಿಂದ ಆಗಲಿಲ್ಲ. ಹಿಂದಿರುಗುವ ಬಸ್ಸಿನಲ್ಲಾದರೂ ಹೇಳಬಹುದಿತ್ತು. ಅದರ ಬದಲು, "ಸ್ವಾಮಿಗಳು ಹೇಳಿದ್ದು ಕೇಳಲಾರದಷ್ಟು ದೊಡ್ಡಾಂವ ಆದಿಯೇನು" ಎಂದು ಅವನಿಗೇ ಬೈದೆ.

ಟೋರ್ಲೀಫನ ಆರ್ಡರು ಬಂತು. ಮಗ್ಗಗಳು ನಿಲ್ಲದೆ ಓಡಿದವು. ಅಣ್ಣ ದಿನವೂ ಹನ್ನೊಂದಕ್ಕೆ ಕಾರ್ಖಾನೆಯ ಬಾಗಿಲಿಗೆ ಬಂದು ಟಪಾಲಿನವನ ದಾರಿ ಕಾಯುತ್ತಿದ್ದ. ಅವನು ಸೈಕಲ್ಲಿನಿಂದ ಇಳಿಯದೆ "ಇವತ್ತೂ ಇಲ್ರಿ" ಎಂದು ಕೈ ಆಡಿಸುತ್ತಿದ್ದ. ಅಣ್ಣ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ತಿನ್ನುವನು. ಕೆಲವು ದಿನ ಅದೂ ಇಲ್ಲ. ಅಂಗಿ ಜೋತುಬಿತ್ತು. ಕೊರಳಿನ ಎಲುಬು ಎದ್ದವು. ಕೈ ಮಾತ್ರ ಎದೆಯ ಮೇಲೆ ಹೋಗಿ, ಏನೂ ಸಿಗದೆ, ಇಳಿಯುತ್ತಿತ್ತು. ಟವೆಲು ಮುಟ್ಟಿ ನಂಬರು ಹೇಳು ಎಂದರೆ ತಪ್ಪು ಹೇಳತೊಡಗಿದ.

ಒಂದು ದಿನ ವೈನಿ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು.

"ಶಂಕರೆಪ್ಪ, ನಾ ನಿಮ್ಮ ಅಣ್ಣಗ ಹೇಳಾಂಗಿಲ್ಲ. ನನಗಷ್ಟ ಹೇಳ್ರಿ. ಅಲ್ಲಿ ಯಾರರೆ ಖರೇ ಹುಡುಕಾಕತ್ತಾರೇನು?"

"ನನ್ನ ಮ್ಯಾಲ ಸಂಶೆ ಏನು ವೈನಿ? ನಾ ಏನು ಅವನ ವೈರಿ ಏನು?"

"ವೈರಿ ಅಂದ್ನೇನು? ತಾಟಿನ ಮುಂದ ಕುಂಡ್ರೋ ಗಂಡ ಬೇಕಾಗ್ಯಾನ ನನಗ. ಅಷ್ಟs."

ನಾನು ಜೋರಾಗಿ ಬೈದು ಹೊರಬಿದ್ದೆ. ನನ್ನ ಹೆಂಡತಿ ಉಮಾಬಾಯಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಅಕ್ಕಲಕೋಟೆಯಲ್ಲಿ ಸಾತಲಿಂಗಪ್ಪ ಎಂಬ ಮುದುಕ ಇದ್ದಾನೆ. ಲಿಂಗಕ್ಕೆ ಕರೀ ಕಂತಿ ಕಟ್ಟುವ ಕೆಲಸ ಅವನದು; ಕಲ್ಲಿನ ಮೇಲೆ ಆ ಕಪ್ಪು ಹೊದಿಕೆಯನ್ನು ಹೆಬ್ಬೆಟ್ಟಿನಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಾನೆ. ಬೀಗರ ಹುಡುಗನಿಗೆ ಬೇಕು ಎಂದು ಹೇಳಿ ಅವನಿಂದ ಒಂದು ಲಿಂಗ ಮಾಡಿಸಿದೆ. ಸೊಲ್ಲಾಪುರದ ಸರಾಫನಿಂದ ಬೆಳ್ಳಿಯ ಗುಂಡಗಡಗಿ ಮಾಡಿಸಿ, ಮರಳು ಹಚ್ಚಿ ತಿಕ್ಕಿ, ಹೊಗೆಗೆ ಹಿಡಿದು ಹಳೆಯದು ಮಾಡಿದೆ. ಅಣ್ಣನ ಗುಂಡಗಡಗಿಯ ಮುಚ್ಚಳಕ್ಕೆ ಒಂದು ತಗ್ಗು ಇತ್ತು. ಅದನ್ನೂ ಸುತ್ತಿಗೆಯಿಂದ ಹಾಕಿದೆ. ಮುಂಬೈಯ ಏಜಂಟನಿಗೆ ಕಳಿಸಿದೆ. ಟೋರ್ಲೀಫನಿಂದ ನಮೂನೆ ಬಂದ ಹಳೇ ಡಬ್ಬಿ ಅವನ ಹತ್ತಿರ ಇತ್ತು, ನಾರ್ವೆಯ ತಿಕೀಟು ಅಂಟಿಸಿದ್ದು. ಅದರೊಳಗಿಟ್ಟು ಅವನು ಸೊಲ್ಲಾಪುರಕ್ಕೆ ಕಳಿಸಿದ.

ಶ್ರಾವಣ ಮುಗಿಯುತ್ತ ಬಂದಾಗ ಟಪಾಲಿನವನು ಸೈಕಲ್ಲಿನಿಂದ ಇಳಿದ.

ಅಣ್ಣ ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಗೆ ಓಡಿದ. ನಿಜವಾಗಿ ಓಡಿದ, ಐವತ್ತನಾಲ್ಕು ವರ್ಷದ ಮನುಷ್ಯ, ಬಜಾರದೊಳಗಿಂದ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಂದು ತಾಸು ಪೂಜೆಗೆ ಕೂತ. ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು.

"ನೀಲಗಂಗಾ, ರೊಟ್ಟಿ ಬಡಿ."

ಮೂರು ರೊಟ್ಟಿ ಉಂಡ. ವೈನಿ ನಾಲ್ಕನೆಯದನ್ನು ಬಡಿಯುತ್ತ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ನಾನೂ ಅಲ್ಲೇ ಕೂತು ಉಂಡೆ. ಸುಳ್ಳು ಹೇಳುವುದೇಕೆ, ನನಗೆ ಆ ಊಟ ಬಹಳ ರುಚಿಯಾಯಿತು. ಗೆದ್ದೆ ಎಂದುಕೊಂಡೆ.

ಮರುದಿನ ಅಣ್ಣ ಟೋರ್ಲೀಫನಿಗೆ ಒಂದು ಚಾದರು ತಾನೇ ಆರಿಸಿದ. "ಅಂವ ಮನಶ್ಯಾ ಅಲ್ಲೋ, ದೇವರು. ಎರಡು ತಿಂಗಳು ನೀರಾಗ ಹುಡುಕ್ಯಾನ. ಪತ್ರ ಬರಿ" ಎಂದ. ಹೇಳಿದಂತೆ ಬರೆದುಕೊಂಡೆ. ಪತ್ರ ಹರಿದು ಹಾಕಿದೆ, ಚಾದರನ್ನು ಗೋದಾಮಿನ ಗಂಟಿನ ಕೆಳಗೆ ತುರುಕಿದೆ.

ಹತ್ತೊಂಬತ್ತು ದಿನ ಹೀಗೆ ನಡೆಯಿತು. ಅಣ್ಣನ ಮೈಗೆ ಸ್ವಲ್ಪ ಮಾಂಸ ಬಂತು. ಇಪ್ಪತ್ತನೆಯ ದಿನ ಬೆಳಗ್ಗೆ ಟೊಪ್ಪಿಗೆ ಹಾಕಿಕೊಂಡು ನಿಂತ.

"ನಡಿ, ಅಕ್ಕಲಕೋಟಿಗೆ ಹೋಗಿ ಅಪ್ಪಾರಿಗೆ ತೋರಿಸಿ ಬರೂಣು. ಉಪ್ಪು ನೀರಾಗ ಬಿದ್ದು ಬಂದದ. ಸಾತಲಿಂಗಪ್ಪನ ಕಡೆ ಕಂತಿನೂ ನೋಡಸ್ತೀನಿ."

ಮುಂದಿನ ವಾರ ಎಂದೆ, ಬಸ್ಸು ಇಲ್ಲ ಎಂದೆ, ಮಾಲು ಕಳಿಸುವುದಿದೆ ಎಂದೆ. "ನೀ ಬರಲಿಲ್ಲಂದ್ರ ನಾ ಒಬ್ಬನ ಹೋಗ್ತೀನಿ" ಎಂದ. ಒಬ್ಬನನ್ನೇ ಬಿಡುವುದು ಹೇಗೆ? ಹೋದೆ.

ಸ್ವಾಮಿಗಳು ದುಧನಿಗೆ ಹೋಗಿದ್ದರು. ಅಣ್ಣ ನೆಟ್ಟಗೆ ಸಾತಲಿಂಗಪ್ಪನ ಮನೆಗೆ ನಡೆದ. ಮುದುಕ ಕಟ್ಟೆಯ ಮೇಲೆ ಕೂತಿದ್ದ. ಕಣ್ಣಿಗೆ ಪೊರೆ ಬಂದು ಅವನಿಗೆ ಎದುರಿನ ಮನುಷ್ಯ ಒಂದು ನೆರಳಿನಷ್ಟೇ ಕಾಣುತ್ತಿದ್ದ. ನಾನು ಹಿಂದೆ ನಿಂತು ಕೈ ಆಡಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಕುರುಡನ ಮುಂದೆ ಹೀಗೆ ಕುಣಿಯುವ ಮೂರ್ಖ ಈ ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಅಣ್ಣ ಲಿಂಗವನ್ನು ಅವನ ಅಂಗೈಯಲ್ಲಿ ಇಟ್ಟ. "ಕಂತಿಗೆ ಧಕ್ಕಿ ಆಗ್ಯದೇನು ನೋಡು ಸಾತಲಿಂಗಪ್ಪ. ಸಮುದ್ರದ ನೀರಾಗ ಎರಡು ತಿಂಗಳು ಇತ್ತು."

ಮುದುಕ ಹೆಬ್ಬೆಟ್ಟು ಆಡಿಸಿದ. ಮತ್ತೆ ಆಡಿಸಿದ. ನಕ್ಕ.

"ಚ್ಯಾಷ್ಟಿ ಮಾಡ್ತೀರೇನ್ರಿ ಸಾವಕಾರ್ರ? ಇದು ನಂದs ಕೆಲಸ. ಆಷಾಢದಾಗ ಕಟ್ಟೀನಿ. ಇದಕ್ಕ ಎಲ್ಲೀ ಸಮುದ್ರ, ಎಲ್ಲೀ ಉಪ್ಪು?"

ನಾನು ಕೆಮ್ಮಿದೆ.

"ನಿಮ್ಮ ತಮ್ಮಾರು ಬಂದಾರೇನು? ಯಾಕ ಕೆಮ್ಮತೀರಿ, ನೀರು ಕೊಡ್ಲೇನ್ರಿ? ನೀವs ಒಯ್ದಿದ್ರಲ್ಲಾ, ಬೀಗರ ಹುಡುಗಗ ಅಂತ. ಅದು ಅಣ್ಣಾರ ಕೊರಳಾಗ ಹೆಂಗ ಬಂತು?"

ಒಳಗಿನಿಂದ ಅವನ ಸೊಸೆ ಮೂರು ಕಪ್ಪು ಚಹಾ ತಂದಿಟ್ಟು ಹೋದಳು. ಅಣ್ಣ ಚಹಾ ಮುಟ್ಟಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ.

"ಅಲ್ಲಿ ಹುಡುಕಿದ್ರೇನು?"

"ಅಣ್ಣಾ, ಕೇಳಿಲ್ಲಿ..."

"ಹುಡುಕಿದ್ರೇನು?"

ತಪ್ಪು ಸಿಕ್ಕಿಬಿದ್ದಾಗ ಕಾಲು ಹಿಡಿಯುವವರು ಇರುತ್ತಾರೆ. ನನಗೆ ಸಿಟ್ಟು ಬಂತು.

"ಆರುನೂರು ಮೀಟರ್! ಯಾವನು ಹುಡುಕತಾನ? ಯಾರಿಗೂ ನಾ ಹೇಳೇ ಇಲ್ಲ. ನೀ ಜಿಗೀತಿದ್ದಿ, ಅದಕ್ಕ ಹೇಳಿದೆ. ಜೀವ ಉಳಿಸಿದ್ದು ತಪ್ಪಾತೇನು? ಒಂದು ಕಲ್ಲು ಹೋದದ್ದಕ್ಕ ಎರಡು ತಿಂಗಳು ಮನೀ ಸುಡಗಾಡ ಮಾಡಿದಿ. ಕಲ್ಲು! ಅದೂ ಕಲ್ಲು, ಇದೂ ಕಲ್ಲು!"

ಸಾತಲಿಂಗಪ್ಪ "ಶಿವಾ, ಶಿವಾ" ಎಂದು ಕಿವಿ ಮುಚ್ಚಿಕೊಂಡ.

"ಜಿಗೀತಿದ್ದೆ ಖರೇ," ಎಂದ ಅಣ್ಣ. ದನಿ ಏರಲಿಲ್ಲ. "ಹಡಗಿನ್ಯಾಗ ಸುಳ್ಳು ಹೇಳಿದಿ, ಅದು ಆತು. ಮಠದಾಗ ಯಾಕ ಹೇಳಿದಿ? ಅಪ್ಪಾರು ಕಟ್ಟತೀನಿ ಅಂದಿದ್ರು. ಅವತ್ತು ಕಟಗೊಂಡು ಉಣ್ಣತಿದ್ದೆ."

"ಈಗ ಕಟಗೋ! ಮಠ ಎಲ್ಲಿ ಓಡಿ ಹೋಗ್ಯದ? ಸಂಜಿಗೆ ಅಪ್ಪಾರು ಬರ್ತಾರ!"

"ಗುರು ಮುಟ್ಟಲಾರದ ಕಲ್ಲಿಗೆ ಹತ್ತೊಂಬತ್ತು ದಿನ ನೀರೆರದು ಕುಡದೀನಿ. ಕಣ್ಣೀರು ಹಾಕಿ ಕುಡದೀನಿ. ಗುರುತು ಹತ್ತಲಿಲ್ಲ ನನಗ, ಶಂಕ್ರ್ಯಾ. ನಲವತ್ತಾರು ವರ್ಷ ಅಂಗೈಯಾಗ ಇಟಗೊಂಡದ್ದು, ಗುರುತು ಹತ್ತಲಿಲ್ಲ. ಈ ಕೈ ಯಾವ ಗುರುವಿನ ಮುಂದ ಒಡ್ಡಲಿ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

"ಹಂಗಾರ ಹೋಗು! ಎಲ್ಲಿ ಹೋಗ್ತಿ ಹೋಗು! ನಿನ್ನ ಸಂಗ್ತೀಲೆ ನನಗೂ ಸಾಕಾಗ್ಯದ!"

ಅಣ್ಣ ಬರಿದಾದ ಗುಂಡಗಡಗಿಯನ್ನು ಕೊರಳಿಂದ ತೆಗೆದು ಕಟ್ಟೆಯ ಮೇಲೆ, ಚಹಾ ಕಪ್ಪಿನ ಪಕ್ಕಕ್ಕೆ ಇಟ್ಟ. ಸಾತಲಿಂಗಪ್ಪನಿಗೆ ಕೈ ಮುಗಿದ. ಮುದುಕನಿಗೆ ಅದು ಕಾಣಲಿಲ್ಲ. ಚಪ್ಪಲಿ ಹಾಕಿಕೊಂಡ. ಎಡಗಾಲಿನದು ತಿರುಗಿ ಬಿದ್ದಿತ್ತು, ಬಗ್ಗಿ ಸರಿಮಾಡಿ ಹಾಕಿಕೊಂಡ. ಅಂಗಳ ದಾಟಿ ಓಣಿಗೆ ಇಳಿದು ಎಡಕ್ಕೆ ತಿರುಗಿದ. ಬಸ್ ಸ್ಟ್ಯಾಂಡು ಬಲಕ್ಕೆ.

ಎದ್ದು ಹೋಗಿ ಹಿಡಿಯಬಹುದಿತ್ತು. ಹತ್ತು ಹೆಜ್ಜೆ. ಎಲ್ಲಿಗೆ ಹೋಗುತ್ತಾನೆ, ಒಂದು ಸುತ್ತು ತಿರುಗಿ ಬರುತ್ತಾನೆ ಎಂದುಕೊಂಡೆ. ನನ್ನ ಚಹಾ ಕುಡಿದೆ. ಸಿಟ್ಟು ಇಳಿಯಲಿಲ್ಲವೆಂದು ಅವನದನ್ನೂ ಕುಡಿದೆ. ಆಮೇಲೆ ಓಣಿಗೆ ಬಂದು ಎಡಕ್ಕೆ ನೋಡಿದೆ.

ಮಠದಲ್ಲಿ ಇರಲಿಲ್ಲ. ದುಧನಿ ಸ್ಟೇಷನ್ನಿನಲ್ಲಿ ಕೇಳಿದೆ, ವಳಸಂಗದಲ್ಲಿ ಕೇಳಿದೆ, ಹುಲಜಂತಿಯ ತನಕ ಜನ ಕಳಿಸಿದೆ. ಕೆರೆ ಬಾವಿ ಎಲ್ಲ ನೋಡಿಸಿದೆ. ಕರೀ ಟೊಪ್ಪಿಗೆಯವನೊಬ್ಬ ರೈಲಿನ ಹಳಿಗುಂಟ ಪೂರ್ವಕ್ಕೆ ನಡೆದದ್ದನ್ನು ಕಂಡೆನೆಂದು ಒಬ್ಬ ಕುರುಬ ಹೇಳಿದ. ಅವನು ಕಂಡದ್ದು ಅಣ್ಣನನ್ನೋ ಬೇರೆ ಯಾರನ್ನೋ. ಈಗ ನಾಲ್ಕು ವರ್ಷವಾಯಿತು.